ಸೂನಾಧ್ಯಕ್ಷನ ಷಡ್ಭಾಗವೂ ಕಡಲಿನ ಪ್ರಾಣಿಗಳ ರಕ್ಷಣೆಯೂ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಇಪ್ಪತ್ತಾರನೆಯ ಅಧ್ಯಾಯವು ಸೂನಾಧ್ಯಕ್ಷನನ್ನು ಕುರಿತದ್ದು. ಸೂನೆಯೆಂದರೆ ವಧಸ್ಥಾನ, ಅದರ ಮೇಲ್ವಿಚಾರಣೆಗೆ ನಿಯುಕ್ತನಾದ ಅಧಿಕಾರಿಯ ಕರ್ತವ್ಯಗಳು ಇಲ್ಲಿ ಉಕ್ತವಾಗಿವೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಮುದ್ರಿಸಿ ಲೋಕಕ್ಕೆ ಕೊಟ್ಟಂದಿನಿಂದ ಅದರ ರಾಜನೀತಿಯ ಭಾಗಗಳು ವಿಪುಲವಾಗಿ ಚರ್ಚಿತವಾಗಿವೆ. ಈ ಚಿಕ್ಕ ಅಧ್ಯಾಯವನ್ನಾದರೋ ಮಾಂಸದ ಸುಂಕದ ಪ್ರಕರಣವೆಂದು ಭಾವಿಸಿ ದಾಟಿಹೋಗುವುದು ವಾಡಿಕೆ. ಕಡಲಿನ ಸಸ್ತನಿಗಳ ರಕ್ಷಣೆಗೆ ಬೇಕಾದ ಸಂಶೋಧನೆಗೆ ಸರ್ಕಾರವು ಯಾವ ಬೊಕ್ಕಸದಿಂದ ಹಣವನ್ನು ಒದಗಿಸಬೇಕು, ಆ ಹಣದಿಂದ ಏನು ಫಲಿಸಬೇಕು ಎಂಬ ಇಂದಿನ ಪ್ರಶ್ನೆಗೆ ಈ ಅಧ್ಯಾಯವು ಒರೆಗಲ್ಲಾಗಬಲ್ಲುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೂಲದಲ್ಲಿ ಮೂರು ವಿಧಿಗಳನ್ನು ಗಮನಿಸಬೇಕು. ವಧೆಯು ವಾಡಿಕೆಯಾಗಿರುವ ಪ್ರಾಣಿಗಳಲ್ಲಿ ಆರನೆಯ ಒಂದು ಪಾಲು ರಾಜನಿಗೆ ಸಲ್ಲಬೇಕೆಂಬುದು ಒಂದು. ಜೀವಂತವಾಗಿ ಸಿಕ್ಕಿದ ಪಕ್ಷಿಮೃಗಗಳಲ್ಲಿ ಆರನೆಯ ಒಂದು ಪಾಲನ್ನು ಅಭಯವನಗಳಲ್ಲಿ ಬಿಡಬೇಕೆಂಬುದು ಎರಡನೆಯದು. ಹಿಂಸೆಯಿಂದ ರಕ್ಷಿಸಬೇಕಾದ ಪ್ರಾಣಿಗಳ ಪಟ್ಟಿಯೇ ಮೂರನೆಯದು. ಆನೆ, ಕುದುರೆ, ಪುರುಷ, ವೃಷಭ, ಕತ್ತೆ ಇವುಗಳ ಆಕೃತಿಯುಳ್ಳ ಸಮುದ್ರದ ಮತ್ಸ್ಯಗಳು ಆ ಪಟ್ಟಿಯ ಆರಂಭದಲ್ಲಿಯೇ ಬರುತ್ತವೆ. ಸುಂಕವನ್ನೆತ್ತುವವನೇ ಅಭಯವನ್ನೂ ಕೊಡುವನೆಂಬುದು ವಿರೋಧವಲ್ಲವೆ ಎಂದು ಆಕ್ಷೇಪಿಸಬಹುದು. ವಧೆಯಿಂದ ಬಂದುದರಲ್ಲಿ ಒಂದಂಶವು ಪ್ರಾಣಸಹಿತವಾಗಿ ಕಾಡಿಗೆ ಹಿಂದಿರುಗತಕ್ಕದ್ದೆಂಬ ಎರಡನೆಯ ವಿಧಿಯೇ ಈ ಆಕ್ಷೇಪಕ್ಕೆ ಸಮಾಧಾನ. ಮೀನುಗಳ ವಿಷಯದಲ್ಲಿ ಗ್ರಂಥಕರ್ತನು ಈ ಮಾತನ್ನು ಹೇಳಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಆದರೆ ನ್ಯಾಯವು ಒಂದೇ.

ಈ ಒರೆಗಲ್ಲಿಗೆ ತೀಡಿ ನೋಡಬೇಕಾದ ದೊಡ್ಡ ನಿದರ್ಶನವು ದಕ್ಷಿಣಧ್ರುವದ ಸಮೀಪದ ಸಾಗರದಲ್ಲಿದೆ. ದಕ್ಷಿಣ ಜಾರ್ಜಿಯ ದ್ವೀಪದಲ್ಲಿ ೧೯೦೪ರಿಂದ ತಿಮಿಂಗಿಲಗಳ ಬೇಟೆ ನಡೆಯುತ್ತಿದ್ದಿತು. ಬ್ರಿಟಿಷ್ ಸರ್ಕಾರವು ಬೇಟೆಯ ಕಂಪೆನಿಗಳಿಗೆ ಪರವಾನಗಿಯನ್ನು ಕೊಟ್ಟು, ಅವು ತೆಗೆದ ಎಣ್ಣೆಯ ಮೇಲೆ ಸುಂಕವನ್ನು ವಿಧಿಸಿ, ಆ ಹಣದಿಂದಲೇ ೧೯೨೫ರಲ್ಲಿ ‘ಡಿಸ್ಕವರಿ’ ಸಂಶೋಧನೆಗಳನ್ನು ಆರಂಭಿಸಿತು. ಕ್ಯಾಪ್ಟನ್ ಸ್ಕಾಟನು ಹಿಂದೆ ಪ್ರಯಾಣಮಾಡಿದ್ದ ಹಡಗಿನ ಹೆಸರೇ ಈ ಕಾರ್ಯಕ್ಕೂ ಬಂದಿತು. ಸ್ಟ್ಯಾನ್ಲಿ ಕೆಂಪ್ ಎಂಬ ಪ್ರಾಣಿಶಾಸ್ತ್ರಜ್ಞನು ಅದರ ನಾಯಕ. ತಿಮಿಂಗಿಲಗಳನ್ನು ದಡಕ್ಕೆಳೆದು ಸೀಳುವ ಸ್ಥಳದ ಪಕ್ಕದಲ್ಲಿಯೇ ಪ್ರಯೋಗಶಾಲೆಯು ಸ್ಥಾಪಿತವಾಯಿತು. ಮ್ಯಾಕಿಂಟಾಷ್ ಮತ್ತು ವೀಲರ್ ಎಂಬುವರು ಅಲ್ಲಿ ಕಳೇಬರಗಳನ್ನು ಒಂದೊಂದಾಗಿ ಅಳೆದು, ಪರೀಕ್ಷಿಸಿ, ನೀಲ ತಿಮಿಂಗಿಲಗಳನ್ನೂ ಫಿನ್ ತಿಮಿಂಗಿಲಗಳನ್ನೂ ಕುರಿತ ದೀರ್ಘ ಪ್ರಬಂಧವನ್ನು ೧೯೨೯ರಲ್ಲಿ ಪ್ರಕಟಿಸಿದರು. ಗರ್ಭಧಾರಣೆಯ ಕಾಲ, ಮರಿಯ ಬೆಳವಣಿಗೆ, ಕ್ರಿಲ್ ಎಂಬ ಸಣ್ಣ ಸೀಗಡಿಯಂಥ ಜಂತುವೇ ಇವುಗಳ ಆಹಾರವೆಂಬುದು, ಇವೆಲ್ಲ ಅಲ್ಲಿ ಪ್ರಮಾಣಪೂರ್ವಕವಾಗಿ ನಿರೂಪಿತವಾಗಿವೆ. ಅದು ಶಾಸ್ತ್ರವೆಂಬ ಹೆಸರಿಗೆ ಸರ್ವಥಾ ಯೋಗ್ಯವಾದ ಕೃತಿ.

ಆದರೆ ಫಲವೇನಾಯಿತು? ಹಿಂಬದಿಯಲ್ಲಿ ಇಳಿಜಾರು ದಾರಿಯುಳ್ಳ, ತಿಮಿಂಗಿಲವನ್ನು ನಡುಗಡಲಿನಲ್ಲಿಯೇ ಒಳಕ್ಕೆಳೆದು ಸೀಳಬಲ್ಲ ಕಾರ್ಖಾನೆ ಹಡಗು ಸಂಶೋಧನೆಯು ಆರಂಭವಾದ ೧೯೨೫ರಲ್ಲಿಯೇ ಬಳಕೆಗೆ ಬಂದಿತು. ದಡದ ಹಂಗು ತಪ್ಪಿದೊಡನೆ ಪರವಾನಗಿಯ ಹಂಗೂ ಸುಂಕದ ಹಂಗೂ ತಪ್ಪಿದವು. ೧೯೩೦–೩೧ರ ಒಂದೇ ಋತುವಿನಲ್ಲಿ ದಕ್ಷಿಣಸಾಗರದಲ್ಲಿ ೨೯ ಸಾವಿರಕ್ಕೂ ಹೆಚ್ಚು ನೀಲ ತಿಮಿಂಗಿಲಗಳು ಹತವಾದವು. ತಿಮಿಂಗಿಲಗಳ ಸಂಚಾರಮಾರ್ಗವನ್ನು ತಿಳಿಯಲು ಶಾಸ್ತ್ರಜ್ಞರು ಸಂಖ್ಯೆಯನ್ನು ಕೆತ್ತಿದ ಲೋಹದ ಗುರುತುಗಳನ್ನು ಅವುಗಳ ಮೈಯೊಳಕ್ಕೆ ಹಾರಿಸುತ್ತಿದ್ದರು. ಆ ಪ್ರಾಣಿಯನ್ನು ಕೊಂದು ಸೀಳಿದಾಗ ಮಾತ್ರ ಗುರುತು ಮತ್ತೆ ಕೈಗೆ ಸಿಕ್ಕುವುದು. ಜ್ಞಾನವು ವಧೆಯನ್ನು ಕಾದು ಕುಳಿತಿರಬೇಕಾಯಿತು. ೧೯೪೬ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಯಾದರೂ, ವ್ಯಾಪಾರಕ್ಕಾಗಿ ನಡೆಯುವ ಬೇಟೆಯನ್ನು ನಿಲ್ಲಿಸಬೇಕೆಂಬ ತೀರ್ಮಾನಕ್ಕೆ ೧೯೮೨ರವರೆಗೆ ಕಾಯಬೇಕಾಯಿತು. ಅದು ಜಾರಿಗೆ ಬಂದದ್ದು ೧೯೮೫–೮೬ರ ಋತುವಿನಿಂದ.

ಇಲ್ಲಿ ದೋಷವನ್ನು ಶಾಸ್ತ್ರಜ್ಞರ ಮೇಲೆ ಹೊರಿಸುವುದು ಅನ್ಯಾಯ. ಅವರು ಬರೆದಿಟ್ಟ ಲೆಕ್ಕಗಳಿಲ್ಲದಿದ್ದರೆ ಹಿಂದೆ ಎಷ್ಟಿದ್ದವು, ಈಗೆಷ್ಟು ಉಳಿದಿವೆ ಎಂಬ ತುಲನೆಯೇ ಇಂದು ದುಸ್ಸಾಧ್ಯವಾಗುತ್ತಿದ್ದಿತು. ವಧೆಯ ಸುಂಕದಿಂದ ಹಣ ಬಂದದ್ದೂ ತಾನಾಗಿ ದೋಷವಲ್ಲ. ಸೂನಾಧ್ಯಕ್ಷನ ಹಣವೂ ಅಂಥದೇ. ಸುಂಕವು ಪುಸ್ತಕವಾಗಿ ಹಿಂದಿರುಗಿತು, ಪ್ರಾಣವಾಗಿ ಹಿಂದಿರುಗಲಿಲ್ಲ. ಕೌಟಿಲ್ಯನ ಎರಡನೆಯ ವಿಧಿಗೆ ಅಲ್ಲಿ ಸ್ಥಾನವಿರಲಿಲ್ಲ. ಅರಿತವನಿಗೆ ತಡೆಯುವ ಅಧಿಕಾರವಿರಲಿಲ್ಲ. ಅಧಿಕಾರವುಳ್ಳವನಿಗೆ ಎಣ್ಣೆಯ ಆದಾಯವನ್ನು ಬಿಡುವ ಮನಸ್ಸಿರಲಿಲ್ಲ.

ನಮ್ಮ ದೇಶದ ಒಂದು ಪ್ರಕೃತ ನಿದರ್ಶನವನ್ನು ಇದರೊಡನೆ ಹೋಲಿಸಬಹುದು. ಅರ್ಥಶಾಸ್ತ್ರದ ಪುರುಷಾಕೃತಿಯ ಮತ್ಸ್ಯವು ಡುಗಾಂಗ್ ಎಂಬ ಕಡಲಹಸುವಾಗಿರಬಹುದೆಂದು ಊಹಿಸಲು ಅವಕಾಶವಿದೆ. ಪಾಶ್ಚಾತ್ಯ ನಾವಿಕರ ಮತ್ಸ್ಯಕನ್ಯೆಯ ಕಥೆಗೂ ಈ ಜಾತಿಯ ಪ್ರಾಣಿಯೇ ಮೂಲವೆನ್ನುತ್ತಾರೆ. ಇದು ಊಹೆಯೇ ಹೊರತು ನಿರ್ಣಯವಲ್ಲ. ಕಡಲಹುಲ್ಲನ್ನು ಮೇಯುವ ಈ ಸಾಧುಪ್ರಾಣಿಯು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ ಸೇರಿದೆ. ಇದರ ಪುನರುಜ್ಜೀವನಕ್ಕಾಗಿ ಭಾರತೀಯ ವನ್ಯಜೀವಿ ಸಂಸ್ಥೆಯು ೨೦೧೬ರಿಂದ ನಡೆಸಿದ ಸಂಶೋಧನೆಗೆ ಹಣವು ಪರಿಹಾರಾತ್ಮಕ ಅರಣ್ಯೀಕರಣ ನಿಧಿಯಿಂದ ಬಂದಿತು. ಗಣಿ, ಅಣೆಕಟ್ಟು ಮೊದಲಾದವುಗಳಿಗಾಗಿ ಕಾಡನ್ನು ಬಿಟ್ಟುಕೊಟ್ಟಾಗ ವಸೂಲಾಗುವ ಹಣವೇ ಆ ನಿಧಿ. ಇದೂ ನಾಶದಿಂದ ಬಂದ ಸುಂಕವೇ. ಆದರೆ ಇಲ್ಲಿ ಬಲೆಗೆ ಸಿಕ್ಕಿದ ಕಡಲಹಸುವನ್ನು ಜೀವಂತವಾಗಿ ಬಿಟ್ಟ ಬೆಸ್ತರಿಗೆ ಗೌರವಧನವು ಸಂದಿತು. ೨೦೨೨ರಲ್ಲಿ ತಮಿಳುನಾಡು ಸರ್ಕಾರವು ಪಾಕ್ ಕೊಲ್ಲಿಯಲ್ಲಿ ೪೪೮ ಚದರ ಕಿಲೋಮೀಟರು ಕಡಲನ್ನು ಅದಕ್ಕೆ ಮೀಸಲು ಪ್ರದೇಶವಾಗಿ ಘೋಷಿಸಿತು. ಜೀವಂತ ಷಡ್ಭಾಗವೂ ಅಭಯವನವೂ ಬೇರೆ ಹೆಸರಿನಿಂದ ಇಲ್ಲಿ ಕಾಣಿಸಿಕೊಂಡಿವೆ.

ಹಾಗೆಂದು ಸಂತೋಷಪಟ್ಟು ಸುಮ್ಮನಿರುವಂತಿಲ್ಲ. ಕಾಡು ಕಡಿದಷ್ಟೂ ಬೆಳೆಯುವ ನಿಧಿಯನ್ನೇ ಕಡಲಿನ ರಕ್ಷಣೆಯು ಶಾಶ್ವತವಾಗಿ ನೆಚ್ಚಿಕೊಂಡರೆ, ಒಂದರ ಹಾನಿಯು ಮತ್ತೊಂದರ ವೃದ್ಧಿಗೆ ಬೇಕಾದ ಕಾರಣವಾಗುತ್ತದೆ. ಆದಕಾರಣ ಸರ್ಕಾರವು ಈ ಸಂಶೋಧನೆಗೆ ಸಾಮಾನ್ಯ ಬೊಕ್ಕಸದಿಂದಲೇ ವರ್ಷವರ್ಷವೂ ತಪ್ಪದೆ ಹಣವನ್ನು ಕೊಡತಕ್ಕದ್ದು. ಸಂಶೋಧಕರು ಹೇಳಿದ ಮಾತಿಗೆ ಶಾಸನದ ಬಲವನ್ನೂ ಕೊಡತಕ್ಕದ್ದು. ಕೊಟ್ಟ ಹಣದ ಲೆಕ್ಕವನ್ನು ಅಚ್ಚಾದ ಸಂಪುಟಗಳಿಂದ ಎಣಿಸದೆ ಕಡಲಿನಲ್ಲಿ ಉಳಿದ ಪ್ರಾಣಿಗಳಿಂದ ಎಣಿಸಬೇಕೆಂಬುದೇ ಸೂನಾಧ್ಯಕ್ಷಪ್ರಕರಣದ ತಾತ್ಪರ್ಯವೆಂದು ನಮ್ಮ ಅಭಿಪ್ರಾಯ.