ಕುರಿಮರಿಗೂ ಪ್ರೀತಿಯಿತ್ತಂತೆ

ಬತ್ಷೆಬೆಯ ಕಥೆ ಬೈಬಲಿನ ಎರಡನೇ ಸಮುವೇಲ ಪುಸ್ತಕದ 11ನೇ ಅಧ್ಯಾಯದಲ್ಲಿದೆ. ಓದದವರಿಗೆ ಚುಟುಕಾಗಿ ಹೇಳ್ತೀನಿ. ಸೈನ್ಯ ಯುದ್ಧಕ್ಕೆ ಹೋಗಿದೆ, ರಾಜ ದಾವೀದ ಮಾತ್ರ ಜೆರೂಸಲೇಮಿನಲ್ಲೇ ಉಳಿದಿದ್ದಾನೆ. ಸಂಜೆ ಅರಮನೆಯ ಮಾಳಿಗೆ ಮೇಲೆ ಅಡ್ಡಾಡುವಾಗ ಸ್ನಾನ ಮಾಡುತ್ತಿರುವ ಹೆಂಗಸೊಬ್ಬಳು ಕಾಣುತ್ತಾಳೆ. ತನ್ನದೇ ಸೈನಿಕ ಊರೀಯನ ಹೆಂಡತಿ ಅಂತ ಗೊತ್ತಾದ ಮೇಲೂ ಆಳು ಕಳಿಸಿ ಕರೆಸಿಕೊಳ್ಳುತ್ತಾನೆ. ಅವಳು ಬಸುರಿಯಾಗುತ್ತಾಳೆ. ಊರೀಯನನ್ನು ಕಾಳಗದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸುತ್ತಾರೆ. ಇಡೀ ಅಧ್ಯಾಯದಲ್ಲಿ ಬತ್ಷೆಬೆಯದು ಒಂದೇ ಮಾತು, ತಾನು ಬಸುರಿ ಅಂತ ಹೇಳಿ ಕಳಿಸಿದ್ದು. ಹೀಬ್ರೂ ಮೂಲದಲ್ಲಿ ಅದು ಎರಡೇ ಪದ.

ಅರಮನೆಯಿಂದ ಕರೆ ಬಂದಾಗ ಅವಳಿಗೆ ಏನನ್ನಿಸಿತು? ಬರಲ್ಲ ಅನ್ನಬಹುದಿತ್ತಾ? ಮೂಲ ಕಥೆ ಏನೂ ಹೇಳುವುದಿಲ್ಲ. ಕಾದಂಬರಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತೆ?

ಅಮೆರಿಕದ ಫ್ರಾನ್ಸೀನ್ ರಿವರ್ಸ್ ಮೊದಲು ರೊಮ್ಯಾನ್ಸ್ ಬರೆಯುತ್ತಿದ್ದವರು, ಆಮೇಲೆ ಕ್ರೈಸ್ತ ಕಾದಂಬರಿಗೆ ಬಂದವರು. ಯೇಸುವಿನ ವಂಶಾವಳಿಯಲ್ಲಿ ಬರುವ ಐದು ಹೆಂಗಸರ ಬಗ್ಗೆ, ಅಂದರೆ ತಾಮಾರ, ರಾಹಾಬ, ರೂತ್, ಬತ್ಷೆಬೆ ಮತ್ತು ಮರಿಯಳ ಬಗ್ಗೆ, ಐದು ಕಿರುಕಾದಂಬರಿ ಬರೆದಿದ್ದಾರೆ. ಬತ್ಷೆಬೆಯದು ‘ಅನ್‌ಸ್ಪೋಕನ್’ (2001). ಆ ವಂಶಾವಳಿ ಬರೆದ ಮತ್ತಾಯ ಅವಳ ಹೆಸರನ್ನೂ ಎತ್ತದೆ ಊರೀಯನ ಹೆಂಡತಿ ಅಂದು ಮುಂದೆ ಹೋಗುತ್ತಾನೆ. ಅಂಥವಳನ್ನು ನಾಯಕಿ ಮಾಡಿದ್ದು ಸಣ್ಣ ಕೆಲಸವಲ್ಲ. ಬೈಬಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿರುವ ಹೆಸರುಗಳನ್ನು ಕೂಡಿಸಿದರೆ ಅವಳ ಅಪ್ಪ ಎಲೀಯಾಮ ದಾವೀದನ ವೀರರಲ್ಲೊಬ್ಬ, ತಾತ ಅಹೀತೋಫೆಲ ದಾವೀದನ ಮಂತ್ರಿ. ಈ ನಂಟನ್ನು ರಿವರ್ಸ್ ಚೆನ್ನಾಗಿ ಬಳಸಿಕೊಳ್ಳುತ್ತಾರೆ.

ನನ್ನ ತಕರಾರು ಇರೋದು ಬೇರೆ ಕಡೆ. ಈ ಕಾದಂಬರಿಯ ಬತ್ಷೆಬೆಗೆ ಚಿಕ್ಕಂದಿನಿಂದಲೂ ದಾವೀದನ ಮೇಲೆ ಮನಸ್ಸು. ಅಲ್ಲಿಗೆ ರಾಜನ ಬುಲಾವು ಅವಳ ಹಳೆಯ ಆಸೆಗೆ ಸಿಕ್ಕ ಉತ್ತರವಾಗಿಬಿಡುತ್ತದೆ. ರಿವರ್ಸ್ ಇದನ್ನು ಪಾಪ ಅಂತಲೇ ಕರೆಯುತ್ತಾರೆ, ಆದರೆ ಅದು ಇಬ್ಬರೂ ಹಂಚಿಕೊಂಡ ಪಾಪ. ಬೈಬಲಿನ ಲೆಕ್ಕ ಹಾಗಿಲ್ಲ. ಪ್ರವಾದಿ ನಾತಾನ ಬಂದು ದಾವೀದನಿಗೆ ಒಂದು ಕಥೆ ಹೇಳುತ್ತಾನೆ. ಹಿಂಡುಗಟ್ಟಲೆ ಕುರಿಗಳಿರುವ ಶ್ರೀಮಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆ. ಅದರಲ್ಲಿ ಕುರಿಮರಿಯ ತಪ್ಪು ಏನೂ ಇಲ್ಲ.

ಇದು ಭಕ್ತಿಯ ಕಾದಂಬರಿಗಳ ದೋಷ ಮಾತ್ರ ಅಂದುಕೊಳ್ಳಬೇಡಿ. ಅನಿತಾ ಡಯಮಂಟ್ ಯಹೂದಿ ಲೇಖಕಿ, ಸ್ತ್ರೀವಾದಿಗಳು ಮೆಚ್ಚಿದವರು. ಅವರ ‘ದ ರೆಡ್ ಟೆಂಟ್’ (1997) ದೀನಾಳ ಕಥೆ. ಆದಿಕಾಂಡದ 34ನೇ ಅಧ್ಯಾಯದಲ್ಲಿ ರಾಜಕುಮಾರನೊಬ್ಬ ಅವಳ ಮೇಲೆ ಬಲಾತ್ಕಾರ ಮಾಡುತ್ತಾನೆ. ಅಲ್ಲಿ ಅವಳು ಒಂದು ಮಾತೂ ಆಡುವುದಿಲ್ಲ. ಕಾದಂಬರಿಯಲ್ಲಿ ಇಬ್ಬರೂ ಪ್ರೇಮಿಗಳು. ಹಿನ್ನೆಲೆ ಬೇರೆ ಬೇರೆ, ಜಾಣತನ ಒಂದೇ. ಮೂಕಳಾಗಿದ್ದವಳಿಗೆ ದನಿ ಕೊಡೋದು, ಆ ದನಿಯಲ್ಲಿ ‘ನನಗೂ ಇಷ್ಟ ಇತ್ತು’ ಅನ್ನಿಸೋದು.

ಉದ್ದೇಶ ಅರ್ಥವಾಗುತ್ತೆ. ನಾಯಕಿ ಬರೀ ಬಲಿಪಶು ಆಗಬಾರದು, ಅವಳಿಗೂ ಒಂದು ಆಯ್ಕೆ ಇರಬೇಕು ಅಂತ. ಆದರೆ ಆಫೀಸಿನಲ್ಲಿ ಮೇಲಿನವರ ಮೇಲೆ ಕಂಪ್ಲೇಂಟ್ ಬಂದಾಗ ಕ್ಯಾಂಟೀನಿನಲ್ಲಿ ಏಳುವ ಮೊದಲ ಪ್ರಶ್ನೆ ಯಾವುದು ಹೇಳಿ? ‘ಅವಳಿಗೂ ಮನಸ್ಸಿತ್ತೇನೋ.’ ಈ ಕಾದಂಬರಿಗಳು ಆ ಪ್ರಶ್ನೆಗೆ ಹೌದು ಅಂದುಬಿಡುತ್ತವೆ.

ಬತ್ಷೆಬೆಗೆ ಶಕ್ತಿ ತುಂಬೋಕೆ ಪ್ರೇಮವೇ ಬೇಕಿರಲಿಲ್ಲ. ಒಂದನೇ ಅರಸುಗಳ ಪುಸ್ತಕದಲ್ಲಿ ಅವಳು ಮುದಿ ದಾವೀದನ ಕೋಣೆಗೆ ಹೋಗಿ, ಮಗ ಸೊಲೊಮೋನನಿಗೆ ಪಟ್ಟ ಖಾತ್ರಿ ಮಾಡಿಕೊಂಡು ಬರುತ್ತಾಳೆ. ಮುಂದೆ ಆ ಮಗ ಎದ್ದು ಅವಳಿಗೆ ನಮಸ್ಕರಿಸಿ, ತನ್ನ ಬಲಗಡೆ ಆಸನ ಹಾಕಿಸುತ್ತಾನೆ. ಗಂಡನನ್ನು ಕೊಲ್ಲಿಸಿದವನ ಅರಮನೆಯಲ್ಲೇ ಅಷ್ಟು ವರ್ಷ ಬಾಳಿ ಅವಳು ಅಲ್ಲಿಯವರೆಗೆ ಹೇಗೆ ಬಂದಳು? ನನಗೆ ಓದಬೇಕಿರೋದು ಆ ಕಾದಂಬರಿ.

‘ಅನ್‌ಸ್ಪೋಕನ್’ ಬೇಡ ಅನ್ನಲ್ಲ, ಓದಿ. ಆದರೆ ಮೊದಲು 11 ಮತ್ತು 12ನೇ ಅಧ್ಯಾಯ ಓದಿಕೊಳ್ಳಿ. ಹೆಚ್ಚೆಂದರೆ ಹತ್ತು ನಿಮಿಷ ಹಿಡಿಯುತ್ತೆ.