ಎಣ್ಣೆಗೊಂದು ಹೆಸರು, ಶಿಲ್ಪಕ್ಕೊಂದು ಹೆಸರು

2025ರ ದೀಪಾವಳಿಗೆ ಒಂದು ವಾರ ಮೊದಲು ತಿರುಪ್ಪೂರಿನ ನನ್ನ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ ಒಂದು ಸಣ್ಣ ಸಮಾರಂಭ ನಡೆಯಿತು. ಅವರದು ದೇವಾಂಗ ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಮನೆಯ ಸೊಸೆ, ತನ್ನ ಅತ್ತೆಯಿಂದ ಕಲಿತ ತಲೆಯೆಣ್ಣೆಯನ್ನು ಸೀಸೆಗಳಲ್ಲಿ ತುಂಬಿ ಮಾರಾಟಕ್ಕೆ ತರುವವಳಿದ್ದಳು. ಚೌಡೇಶ್ವರಿಯ ಪಟದ ಮುಂದೆ ನಲವತ್ತು ಸೀಸೆಗಳನ್ನಿಟ್ಟು, ಕರ್ಪೂರ ಬೆಳಗಿ, ಮೊದಲನೆಯದನ್ನು ಅತ್ತೆಯ ಕೈಗೆ ಕೊಟ್ಟಳು. ಬಿಡುಗಡೆ ಎಂದರೆ ಅಷ್ಟೇ. ಮರುದಿನ ನಾವೆಲ್ಲರೂ ಕೊಯಮತ್ತೂರಿಗೆ ಹೋಗಿ ಒಂದು ಆಧುನಿಕ ಶಿಲ್ಪಪ್ರದರ್ಶನವನ್ನು ನೋಡಿ ಬಂದೆವು. ಈ ಎರಡಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನನಗೂ ಆಗ ಸಂಬಂಧ ತೋರಿರಲಿಲ್ಲ. ಎರಡು ಕಡೆಯೂ ಎದ್ದದ್ದು ಒಂದೇ ಪ್ರಶ್ನೆ ಎಂಬುದು ಹೊಳೆದದ್ದು ಊರಿಗೆ ಮರಳುವ ದಾರಿಯಲ್ಲಿ: ಕೈಯಿಂದ ಮಾಡಿದ ವಸ್ತುವಿಗೆ ಹೆಸರು ಏಕೆ ಬೇಕು? ಬೇಕಾದರೆ ಅದು ಯಾರ ಮಾತಿನಲ್ಲಿರಬೇಕು?

ಕೊಯಮತ್ತೂರು ಸೀಮೆಯ ಕನ್ನಡಿಗರ ವಿಷಯ ನಮ್ಮಲ್ಲಿ ಅನೇಕರಿಗೆ ಅಷ್ಟಾಗಿ ತಿಳಿದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು ಎಂಬುದನ್ನು ನಾವು ಮರೆತಿಲ್ಲ. ಅದೇ ದಿನ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರಿಗೆ ಹೋಯಿತು ಎಂಬುದನ್ನು ನೆನೆಯುವವರು ಕಡಿಮೆ. ಗೆರೆಯ ಆಚೆಗೆ ಹೋದವರು ಕನ್ನಡದ ಶಾಲೆಗೆ ಹೋದರು. ಈಚೆಗೆ ಉಳಿದ ನೇಕಾರರು, ಒಕ್ಕಲಿಗರು ಮನೆಮಾತನ್ನು ಮಾತ್ರ ಉಳಿಸಿಕೊಂಡರು. ನಮಗೆ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೊರತೆಗಳನ್ನು ಹೇಳಿಕೊಳ್ಳಲಾದರೂ ನಮಗೊಂದು ಲಿಪಿ ಇದೆ. ನನ್ನ ಸ್ನೇಹಿತರ ಮನೆಯ ಮಕ್ಕಳು ಕನ್ನಡದಲ್ಲಿ ಜಗಳವಾಡುತ್ತಾರೆ, ನಗುತ್ತಾರೆ. ಆದರೆ ಒಂದಕ್ಷರ ಓದಲಾರರು.

ಎಣ್ಣೆಯ ವಿಚಾರಕ್ಕೆ ಬರೋಣ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಎಂದರೆ ಗೂಳಿಗಳಿಗೆ ಹೆಸರಾದ ಊರು. ಕೊಬ್ಬರಿ ಒಣಗಿಸುವ ಕಣಗಳಿಗೂ ತೆಂಗಿನೆಣ್ಣೆಯ ಗಿರಣಿಗಳಿಗೂ ಅಷ್ಟೇ ಹೆಸರಾದದ್ದು. ಅಲ್ಲಿಂದ ತಂದ ತೆಂಗಿನೆಣ್ಣೆಯೇ ಇದಕ್ಕೆ ಆಧಾರ. ಅದಕ್ಕೆ ಸೇರುವುದು ಗರುಗದ ಸೊಪ್ಪಿನ ರಸ, ನೆಲ್ಲಿಕಾಯಿಯ ರಸ, ಅರೆದ ಕರಿಬೇವು, ಮೆಂತೆ. ಆಯುರ್ವೇದದವರು ಹೇಳುವ ಸಾಮಾನ್ಯ ಪ್ರಮಾಣ ಒಂದು ಪಾಲು ಅರೆದ ಕಲ್ಕ, ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ರಸ. ಈ ಮನೆಯಲ್ಲಿ ಆ ಲೆಕ್ಕವನ್ನು ಯಾರೂ ಓದಿದವರಲ್ಲ. ಆದರೆ ಅತ್ತೆಯ ಲೋಟದ ಅಳತೆ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಸಣ್ಣ ಉರಿಯಲ್ಲಿ ನೀರಿನಂಶವೆಲ್ಲ ಆರುವವರೆಗೆ ಕಾಯಿಸಬೇಕು. ಎಣ್ಣೆಯ ಮೇಲೆ ನೊರೆ ಏಳುವುದು ಹದದ ಒಂದು ಗುರುತು. ತಳದ ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಚಟ ಸಿಡಿಯಬಾರದು. ಸಿಡಿದರೆ ನೀರು ಉಳಿದಿದೆ. ಆ ಎಣ್ಣೆ ಬಹುಕಾಲ ಬಾಳದು.

ಗರುಗ ಎಂದರೆ ಗದ್ದೆಯ ಬದುವಿನಲ್ಲಿ ಬಿಳಿಯ ಪುಟ್ಟ ಹೂ ಬಿಡುವ ಗಿಡ. ಸಂಸ್ಕೃತದಲ್ಲಿ ಭೃಂಗರಾಜ, ಮಲಯಾಳದಲ್ಲಿ ಕಯ್ಯೋನ್ನಿ, ತಮಿಳಿನಲ್ಲಿ ಕರಿಸಲಾಂಕಣ್ಣಿ. ಗಿಡ ಒಂದೇ. ಅತ್ತೆಯ ಬಾಯಲ್ಲಿ ಆ ಎಣ್ಣೆ ಎಂದೆಂದಿಗೂ 'ಗರುಗದೆಣ್ಣೆ'. ಆದರೆ ಸೀಸೆಯ ಮೇಲಿದ್ದದ್ದು ಒಂದು ತಮಿಳು ಹೆಸರು. ಕೆಳಗೆ ಇಂಗ್ಲಿಷಿನಲ್ಲಿ ತೂಕ, ಬೆಲೆ, ತಯಾರಿಸಿದ ತಿಂಗಳು, ಪರವಾನಗಿಯ ಸಂಖ್ಯೆ. ಮೂರು ವಾರ ಯೋಚಿಸಿ ಆರಿಸಿದ ಹೆಸರಂತೆ. ಕನ್ನಡ ಎಲ್ಲಿಯೂ ಇರಲಿಲ್ಲ. ಕೇಳಿದೆ. "ಇಲ್ಲಿ ಯಾರು ಮಾಮ ಓದೋರು?" ಎಂದಳು. ಆ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ತಿರುಪ್ಪೂರಿನಿಂದ ಅವಿನಾಶಿಯ ಮಾರ್ಗವಾಗಿ ಹೊರಟೆವು. ನಡುವೆ ಸಿಗುವ ತಿರುಮುರುಗನ್‌ಪೂಂಡಿ ಕಲ್ಲುಕೆತ್ತನೆಯ ಊರು. ಅಲ್ಲಿನ ಶಿಲ್ಪಿಗಳು ದೇವಾಲಯಗಳಿಗಾಗಿ ವಿಗ್ರಹಗಳನ್ನು ಕೆತ್ತುತ್ತಾರೆ. ಅಲ್ಲಿ ಕಲ್ಲಿಗೆ ಉಳಿ ತಾಗುವ ಮೊದಲೇ ಹೆಸರು ನಿಶ್ಚಯವಾಗಿರುತ್ತದೆ. ಇದು ಗಣಪತಿ, ಇದು ಮುರುಗ, ಇದು ಅಂಬಿಕೆ. ಹೆಸರಿಗೆ ತಕ್ಕ ಅಳತೆ, ಅಳತೆಗೆ ತಕ್ಕ ಕಲ್ಲು. ಪರಂಪರೆಯ ಶಿಲ್ಪಿ ಹೆಸರಿನಿಂದ ರೂಪಕ್ಕೆ ನಡೆಯುತ್ತಾನೆ.

ಕೊಯಮತ್ತೂರಿನ ಪ್ರದರ್ಶನದಲ್ಲಿ ಕಂಡದ್ದು ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿದ್ದುವು ಹತ್ತಿಪ್ಪತ್ತು ಕೃತಿಗಳು, ಹೆಚ್ಚಿನವು ಯುವ ಕಲಾವಿದರವು. ಅರ್ಧ ಉಜ್ಜಿ ಹೊಳಪೇರಿಸಿ, ಇನ್ನರ್ಧವನ್ನು ಒಡೆದಂತೆಯೇ ಬಿಟ್ಟಿದ್ದ ಒಂದು ಕರಿಗಲ್ಲು ನನಗೆ ಬಹಳ ಹಿಡಿಸಿತು. ಕಲ್ಲು ತನ್ನ ಭಾರವನ್ನು ಮುಚ್ಚಿಡದೆ ನಿಂತಿತ್ತು. ಹಳೆಯ ಯಂತ್ರಗಳ ಬಿಡಿಭಾಗಗಳನ್ನು ಬೆಸುಗೆ ಹಾಕಿ ನಿಲ್ಲಿಸಿದ್ದ ಇನ್ನೊಂದು, ಗಿರಣಿಗಳ ಊರಿಗೆ ಸಲ್ಲುವಂಥದೇ ಆದರೂ, ತನ್ನ ಮಾತನ್ನು ತಾನೇ ಮೂರು ಬಾರಿ ಹೇಳುತ್ತಿತ್ತು. ಮೂರನೆಯದು ಬಡಿದು ಬಾಗಿಸಿದ ತಾಮ್ರದ ತಗಡು. ಸುತ್ತಿಗೆಯ ಏಟುಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಅದರ ಕೆಳಗಿನ ಚೀಟಿಯಲ್ಲಿ 'ಶೀರ್ಷಿಕೆಯಿಲ್ಲ' ಎಂಬರ್ಥದ ಇಂಗ್ಲಿಷ್ ಪದ. ಅಂಥ ಚೀಟಿಗಳು ಅಲ್ಲಿ ಬೇಕಾದಷ್ಟಿದ್ದುವು.

ಸೊಸೆ ಆ ಚೀಟಿಯ ಮುಂದೆ ತುಸು ಹೊತ್ತು ನಿಂತಳು. "ಹೆಸರಿಡೋಕೆ ಅವರಿಗೆ ಬರಲಿಲ್ಲವೋ, ಮನಸ್ಸಿರಲಿಲ್ಲವೋ? ನಾನು ಹೆಸರಿಲ್ಲದ ಸೀಸೆ ಮಾರಿದರೆ ಬಿಡ್ತಾರಾ?" ಎಂದಳು. ನಾವು ನಕ್ಕೆವು. ಆದರೆ ವಿಮರ್ಶಕರು ಕೇಳಲು ಹಿಂಜರಿಯುವ ಪ್ರಶ್ನೆ ಅದು.

ಈ ಪ್ರಶ್ನೆ ಒಮ್ಮೆ ನ್ಯಾಯಾಲಯದ ಕಟ್ಟೆಯನ್ನೂ ಹತ್ತಿತ್ತು. ರುಮೇನಿಯದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಬ್ರಾಂಕೂಸಿ ಎಂಬ ಶಿಲ್ಪಿಯ ಕಂಚಿನ ಕೃತಿಯೊಂದು 1926ರಲ್ಲಿ ನ್ಯೂಯಾರ್ಕ್ ಬಂದರಿಗೆ ಬಂತು. ಅದರ ಹೆಸರು ಹಕ್ಕಿ. ರೆಕ್ಕೆಯಿಲ್ಲ, ಗರಿಯಿಲ್ಲ, ಕಾಲಿಲ್ಲ. ಮೇಲಕ್ಕೆ ಚಿಮ್ಮಿದ ಒಂದು ಹೊಳಪಿನ ರೇಖೆ ಅಷ್ಟೇ. ಕಲಾಕೃತಿಗೆ ಅಲ್ಲಿ ಸುಂಕವಿರಲಿಲ್ಲ. ಸುಂಕದ ಅಧಿಕಾರಿಗಳು ಇದು ಶಿಲ್ಪವಲ್ಲವೆಂದು ಅಡುಗೆಮನೆ ಮತ್ತು ಆಸ್ಪತ್ರೆಯ ಸಾಮಾನುಗಳ ಪಟ್ಟಿಗೆ ಸೇರಿಸಿ, ಶೇಕಡಾ 40ರ ಸುಂಕ ಹಾಕಿದರು. ಶಿಲ್ಪವೆಂದರೆ ನಿಸರ್ಗದ ವಸ್ತುವನ್ನು ಅನುಕರಿಸಬೇಕು ಎಂಬ 1916ರ ತೀರ್ಪೊಂದು ಅವರ ಬೆನ್ನಿಗಿತ್ತು. ಇದು ಹಕ್ಕಿ ಹೌದೇ ಎಂದು ಸಾಕ್ಷಿಗಳನ್ನು ಕೇಳಿದರು. 1928ರ ನವೆಂಬರಿನಲ್ಲಿ ನ್ಯಾಯಾಲಯವು ಕಲೆಯ ಹೊಸ ಪಂಥಗಳು ಬಂದಿರುವುದನ್ನು ಒಪ್ಪಿಕೊಂಡು, ಇದು ವೃತ್ತಿನಿರತ ಶಿಲ್ಪಿಯೊಬ್ಬನ ಸ್ವಂತ ಸೃಷ್ಟಿ, ನೋಡಲು ಚೆಲುವಾಗಿದೆ, ಆದುದರಿಂದ ಕಲಾಕೃತಿಯೇ ಎಂದು ತೀರ್ಪಿತ್ತಿತು.

ನಮ್ಮ ದೇಶದಲ್ಲಿ ತೆಂಗಿನೆಣ್ಣೆಗೂ ಹೀಗೆಯೇ ಆಯಿತು ಎಂದರೆ ಅಚ್ಚರಿಯಾದೀತು. ಸಣ್ಣ ಸೀಸೆಗಳಲ್ಲಿ ಮಾರುವ ಶುದ್ಧ ತೆಂಗಿನೆಣ್ಣೆ ಅಡುಗೆಯದೋ ತಲೆಯದೋ ಎಂಬ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರಲ್ಲಿ ಇಬ್ಬರು ನ್ಯಾಯಾಧೀಶರು ಎರಡು ಅಭಿಪ್ರಾಯ ಹೇಳಿದರು. 2024ರ ಡಿಸೆಂಬರಿನಲ್ಲಿ ಮೂವರ ಪೀಠವು ಸೀಸೆ ಸಣ್ಣದೆಂಬ ಮಾತ್ರಕ್ಕೆ ಎಣ್ಣೆ ತಲೆಯೆಣ್ಣೆಯಾಗದು, ತಲೆಯೆಣ್ಣೆಯೆಂದು ಗುರುತು ಹಾಕಿ ಮಾರಿದರೆ ಮಾತು ಬೇರೆ ಎಂದಿತು. ಜಿಎಸ್‌ಟಿಯಲ್ಲಿ ಖಾದ್ಯತೈಲಕ್ಕೆ ಶೇಕಡಾ 5, ತಲೆಯೆಣ್ಣೆಗೆ ಶೇಕಡಾ 18 ಇದ್ದ ಕಾಲದಲ್ಲಿ ಇದು ದೊಡ್ಡ ಅಂತರವೇ. 2025ರ ಸೆಪ್ಟೆಂಬರ್ 22ರಿಂದ ತಲೆಯೆಣ್ಣೆಯ ತೆರಿಗೆಯೂ 5ಕ್ಕೆ ಇಳಿದಿದೆ.

ಈ ಎರಡು ವ್ಯಾಜ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೆಸರು ವಸ್ತುವಿನ ಮೇಲೆ ಅಂಟಿಸುವ ಅಲಂಕಾರವಲ್ಲ. ಅದು ಯಾರ ಮನೆಗೆ ಹೋಗಬೇಕು, ಯಾವ ಕಪಾಟಿನಲ್ಲಿ ಕೂರಬೇಕು, ಯಾವ ಕಣ್ಣಿನಿಂದ ನೋಡಿಸಿಕೊಳ್ಳಬೇಕು ಎಂಬುದನ್ನು ಹೆಸರು ಹೇಳುತ್ತದೆ. ಬ್ರಾಂಕೂಸಿ ತನ್ನ ಕಂಚಿಗೆ ಹಕ್ಕಿ ಎಂಬ ಹೆಸರಿಟ್ಟದ್ದರಿಂದ ನಾವು ಅದರಲ್ಲಿ ಹಾರಾಟವನ್ನು ಹುಡುಕುತ್ತೇವೆ. ಆ ತಾಮ್ರದ ತಗಡಿನ ಶಿಲ್ಪಿ ಹೆಸರನ್ನು ತಡೆಹಿಡಿದದ್ದು ನೋಡುವವನ ಸ್ವಾತಂತ್ರ್ಯಕ್ಕಾಗಿ ಎಂದು ಹೇಳಬಹುದು. ಕೆಲವೊಮ್ಮೆ ಅದು ನಿಜ. ಆದರೆ ಒಂದೇ ಕೊಠಡಿಯಲ್ಲಿ ಹತ್ತು ಕೃತಿಗಳಿಗೆ ಹೆಸರಿಲ್ಲದಿದ್ದರೆ ಅದು ಸ್ವಾತಂತ್ರ್ಯವಲ್ಲ, ರೂಢಿ. ಸೊಸೆಯ ಆಕ್ಷೇಪದಲ್ಲಿ ನ್ಯಾಯವಿತ್ತು.

ಹೆಸರಿಗೂ ಲಿಪಿಗೂ ಇರುವ ಸಂಬಂಧವನ್ನು ಆಳವಾಗಿ ಯೋಚಿಸಿದ ಒಬ್ಬ ಕಲಾವಿದರು ಹುಟ್ಟಿದ್ದು ಇದೇ ಕೊಯಮತ್ತೂರಿನಲ್ಲಿ, 1911ರಲ್ಲಿ: ಕೆ.ಸಿ.ಎಸ್. ಪಣಿಕ್ಕರ್. ಮನೆಮಾತು ಮಲಯಾಳ, ಹುಟ್ಟೂರು ತಮಿಳುನಾಡು. ನಮ್ಮಂತೆಯೇ ಎರಡು ಭಾಷೆಗಳ ನಡುವೆ ಬೆಳೆದವರು. ಮದರಾಸಿನ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಅವರು 1963ರ ಹೊತ್ತಿಗೆ 'ಪದಗಳು ಮತ್ತು ಸಂಕೇತಗಳು' ಎಂಬ ಚಿತ್ರಮಾಲಿಕೆಯನ್ನು ಆರಂಭಿಸಿದರು. ಜಾತಕದ ಕುಂಡಲಿಯಂಥ ಚೌಕಗಳು, ಗಣಿತದ ಚಿಹ್ನೆಗಳು, ಅವುಗಳ ನಡುವೆ ಮಲಯಾಳ ಲಿಪಿಯ ಸಾಲುಗಳು. ಓದಲು ಹೋದರೆ ಅರ್ಥ ಸಿಗದು. ಅಕ್ಷರವೇ ಅಲ್ಲಿ ಚಿತ್ರ. 1966ರಲ್ಲಿ ಅವರ ಮುಂದಾಳ್ತನದಲ್ಲಿ ಚೋಳಮಂಡಲ ಕಲಾಗ್ರಾಮ ಹುಟ್ಟಿತು. ಅದಕ್ಕೆ ಹಣ ಬಂದದ್ದು ಕಲಾವಿದರು ಬಾಟಿಕ್ ಮುಂತಾದ ಕೈಕಸಬಿನ ವಸ್ತುಗಳನ್ನು ಮಾಡಿ ಮಾರಿದ್ದರಿಂದ. ಕಲೆಗೂ ಮಾರುವ ಸರಕಿಗೂ ನಡುವೆ ನಾವು ಎಬ್ಬಿಸಿಕೊಂಡ ಗೋಡೆಯನ್ನು ಅವರು ಮಾನಿಸಲಿಲ್ಲ. ಎಣ್ಣೆ ಸೀಸೆಯನ್ನೂ ಶಿಲ್ಪವನ್ನೂ ಒಂದೇ ಲೇಖನದಲ್ಲಿ ತರಲು ನನಗೆ ಧೈರ್ಯ ಬಂದದ್ದು ಅವರಿಂದ.

ಪಣಿಕ್ಕರರ ಶಿಷ್ಯರಲ್ಲೊಬ್ಬರು ನಮ್ಮ ಜಿಲ್ಲೆಯವರೇ. ಚೆರುವತ್ತೂರು ಬಳಿಯ ಕುಟ್ಟಮತ್ತಿನ ಕಾನಾಯಿ ಕುಂಞಿರಾಮನ್. ಊರಿಗೆ ಮರಳುವಾಗ ಪಾಲಕ್ಕಾಡಿನಲ್ಲಿ ಇಳಿದು, ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ ಅವರು 1969ರಲ್ಲಿ ಪೂರ್ತಿಗೊಳಿಸಿದ ಕಾಂಕ್ರೀಟಿನ 'ಯಕ್ಷಿ'ಯನ್ನು ಮತ್ತೊಮ್ಮೆ ನೋಡಿದೆ. ಸುಮಾರು 30 ಅಡಿ ಎತ್ತರದ ನಗ್ನ ಹೆಣ್ಣು, ಮುಖವನ್ನು ಆಕಾಶಕ್ಕೆತ್ತಿ ಕುಳಿತಿದ್ದಾಳೆ. ಆಗ ವಿರೋಧ ಎದ್ದಿತ್ತು. ಇಂದು ಅವಳ ಮುಂದೆ ಸಂಸಾರ ಸಮೇತ ಬಂದವರು ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಬದಲಾವಣೆಯಲ್ಲಿ ಆ ಹೆಸರಿನ ಪಾತ್ರವೂ ಇದೆಯೆಂದು ನನ್ನ ಎಣಿಕೆ. ಪಾಲೆಮರದ ಯಕ್ಷಿ, ಬಿಚ್ಚುಗೂದಲ ಯಕ್ಷಿ, ಸುಣ್ಣ ಕೇಳುವ ಯಕ್ಷಿ ಇವರನ್ನು ಅರಿಯದ ಮಲಯಾಳಿ ಅಜ್ಜಿಯಿಲ್ಲ. ರೂಪ ಹೊಸದು, ಹೆಸರು ಅಜ್ಜಿಯದು. ನೋಡುವವನು ಆ ಹೆಸರಿನ ಕೈ ಹಿಡಿದು ರೂಪದ ಹತ್ತಿರ ಹೋಗುತ್ತಾನೆ. 'ಶೀರ್ಷಿಕೆಯಿಲ್ಲ' ಎಂದಿದ್ದರೆ ಅವಳು ಇಷ್ಟು ಬೇಗ ಜನರವಳಾಗುತ್ತಿರಲಿಲ್ಲ.

ಹಾಗಾದರೆ ಗರುಗದೆಣ್ಣೆ? ಅತ್ತೆಯ ಹೆಸರು ಸೀಸೆಯ ಮೇಲೆ ಏಕಿಲ್ಲ? ಕಾನೂನು ಅಡ್ಡ ಬಂದಿಲ್ಲ. ಪೊಟ್ಟಣ ಸರಕುಗಳ 2011ರ ನಿಯಮಗಳಂತೆ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಅದರ ಜೊತೆಗೆ ಬೇರೆ ಯಾವ ಭಾಷೆಯನ್ನು ಸೇರಿಸಿದರೂ ಅಡ್ಡಿಯಿಲ್ಲ. ತಮಿಳರು ಯಾರೂ ಬೇಡವೆನ್ನಲಿಲ್ಲ. ನಾವೇ ಬಿಟ್ಟೆವು. ಇದನ್ನು ಬರೆಯುವಾಗ ನಮ್ಮ ಕಡೆಯ ಅಂಗಡಿಗಳ ಫಲಕಗಳೂ, ನಮ್ಮವರೇ ಮಾಡುವ ಹಪ್ಪಳ ಉಪ್ಪಿನಕಾಯಿಯ ಚೀಟಿಗಳೂ ನನ್ನ ಕಣ್ಣ ಮುಂದೆ ಬರುತ್ತವೆ. ಸರಕಾರದ ಫಲಕದಲ್ಲಿ ಕನ್ನಡವಿಲ್ಲವೆಂದು ಮನವಿ ಕೊಡುವ ನಾವು ನಮ್ಮ ಸೀಸೆಯ ಮೇಲೆ ಏನು ಬರೆದಿದ್ದೇವೆಂದು ನೋಡಿಕೊಂಡಿದ್ದೇವೆಯೇ?

ಹೊರಡುವ ಮುನ್ನ ಸೊಸೆಗೆ ಈ ನಿಯಮದ ವಿಷಯ ಹೇಳಿದ್ದೆ. ಅವಳು ಒಂದು ಕಾಗದ ತಂದು, "ಬರೆದುಕೊಡಿ ಮಾಮ, ಮುಂದಿನ ಸಲಕ್ಕೆ ಹಾಕಿಸ್ತೀನಿ" ಎಂದಳು. ದಪ್ಪ ಅಕ್ಷರಗಳಲ್ಲಿ 'ಗರುಗದೆಣ್ಣೆ' ಎಂದು ಬರೆದುಕೊಟ್ಟೆ. ಅವಳು ಪಕ್ಕದಲ್ಲಿ ಅದನ್ನೇ ನಕಲು ಮಾಡಿದಳು. ಬಲದಿಂದ ಎಡಕ್ಕೆ, ಒತ್ತಕ್ಷರವನ್ನು ಮೊದಲು, ತಲೆಕಟ್ಟನ್ನು ಕೊನೆಗೆ, ರಂಗೋಲಿ ಎಳೆದಂತೆ. ನೋಡಲು ನನ್ನದಕ್ಕಿಂತ ಚೆನ್ನಾಗಿಯೇ ಇತ್ತು. ಆಗ ನನಗೆ ಪಣಿಕ್ಕರರ ಚಿತ್ರಗಳು ನೆನಪಾಗಲಿಲ್ಲ, ರೈಲಿನಲ್ಲಿ ನೆನಪಾದುವು. ಅವರು ಮಲಯಾಳವನ್ನು ಓದಬಲ್ಲವರಾಗಿದ್ದೂ ಅಕ್ಷರವನ್ನು ಚಿತ್ರವಾಗಿಸಿದರು. ಅದು ಅವರ ಆಯ್ಕೆ. ಈ ಹೆಣ್ಣುಮಗಳಿಗೆ ತನ್ನ ಮನೆಮಾತಿನ ಅಕ್ಷರ ಚಿತ್ರವಾಗಿ ಮಾತ್ರ ಉಳಿದಿದೆ. ಅದು ಅವಳ ಆಯ್ಕೆಯಲ್ಲ. ಆ ಚಿತ್ರ ಎಷ್ಟೇ ಚೆಲುವಾಗಿದ್ದರೂ ನಾನು ಅದನ್ನು ಕಲೆಯೆಂದು ಹೊಗಳಲಾರೆ.

ಮುಂದಿನ ಸಲ ಹೋಗುವಾಗ ಅವಳ ಮಕ್ಕಳಿಗಾಗಿ ನಮ್ಮ ಒಂದನೆಯ ತರಗತಿಯ ಕನ್ನಡ ಪಾಠಪುಸ್ತಕವನ್ನು ಒಯ್ಯಬೇಕೆಂದಿದ್ದೇನೆ. ಸೀಸೆಯ ಮೇಲಿನ ಹೆಸರನ್ನು ಓದಲು ಆ ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲ.