ಗೇನ್ ತಿರುವುವ ಮುನ್ನ

ಗ್ಲೈಡರ್ ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುವ ವೇರಿಯೋಮೀಟರಿನ ಟೋಟಲ್ ಎನರ್ಜಿ ಕೊಳವೆಯ ಬಗ್ಗೆ ಈ ವಾರ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅದು ಇನ್ನೊಂದು ವಾರ ಕಾಯಲಿ. ಹುಮನಾಬಾದಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಓದುಗರೊಬ್ಬರು ಸಂಪಾದಕರಿಗೆ ಪತ್ರ ಹಾಕಿದ್ದಾರೆ. "ನಿಮ್ಮ ಅಂಕಣದವ್ರು ಗ್ಲೈಡರಿನ ಮೈಕ್ ಬಗ್ಗೆ ಭಾಳ ದೊಡ್ಡ ಮಾತಾಡ್ತಾರ್ರೀ. ದನಿ ಸಣ್ಣ ಬಂದ್ರ ಗೇನ್ ಏರಸ್ಬೇಕು, ಕಿರುಚಿದ್ರ ಇಳಸ್ಬೇಕು. ಜಾತ್ರಿ ಮೈಕಿಗೂ ಅಷ್ಟ, ವಿಮಾನದ ಮೈಕಿಗೂ ಅಷ್ಟ" ಎಂಬುದು ಪತ್ರದ ಸಾರ.

ಪತ್ರ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ವೀರಭದ್ರೇಶ್ವರ ಜಾತ್ರೆಯ ಗದ್ದಲದಲ್ಲಿ ಕಳೆದುಹೋದ ಮಗುವಿನ ಹೆಸರನ್ನು ಊರಿಗೆಲ್ಲ ಕೇಳಿಸುವ ಕೆಲಸ ಸಣ್ಣದಲ್ಲ. ಆದರೆ ಈ ಗೇನ್ ಪಂಥದ ಜೊತೆ ನನ್ನದು ಹಳೆಯ ಜಗಳ. ಇವರ ಅನುಯಾಯಿಗಳು ಜಾತ್ರೆಯಲ್ಲಷ್ಟೇ ಅಲ್ಲ, ಗ್ಲೈಡರ್ ಮೈದಾನದಲ್ಲೂ ಇದ್ದಾರೆ. ರೇಡಿಯೋ ಕೇಳಿಸದಿದ್ದರೆ ಮೊದಲು ಗುಂಡಿ ತಿರುವುತ್ತಾರೆ, ಆಮೇಲೆ ಸೆಟ್ಟನ್ನು ಬೈಯುತ್ತಾರೆ, ಕೊನೆಗೆ ಹೊಸ ಸೆಟ್ ಕೊಳ್ಳುತ್ತಾರೆ. ಹೊಸ ಸೆಟ್ಟೂ ಮೂರನೇ ವಾರಕ್ಕೆ ಅದೇ ರಾಗ ಎಳೆಯುತ್ತದೆ. ಯಾಕೆಂದರೆ ಕೆಟ್ಟಿದ್ದು ಸೆಟ್ ಅಲ್ಲವೇ ಅಲ್ಲ.

ಗ್ಲೈಡರಿಗೆ ಇಂಜಿನ್ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಇಂಜಿನ್ ಇಲ್ಲ ಅಂದರೆ ಡೈನಮೋ ಇಲ್ಲ, ಹಾರಾಟದಲ್ಲಿ ಚಾರ್ಜ್ ಮಾಡುವವರು ಯಾರೂ ಇಲ್ಲ ಅನ್ನುವುದು ಮಾತ್ರ ಮರೆತುಹೋಗುತ್ತದೆ. ಸೀಟಿನ ಹಿಂದೆ 12 ವೋಲ್ಟಿನ, 7 ಆಂಪಿಯರ್-ಅವರ್‌ನ ಒಂದು ಸೀಸದ ಬ್ಯಾಟರಿ. ರೇಡಿಯೋ, ವೇರಿಯೋ, ಜಿಪಿಎಸ್ ಮೂರೂ ಅದರ ಮೇಲೇ ಬದುಕಬೇಕು. ಕೇಳುವಾಗ ರೇಡಿಯೋ ಎಳೆಯುವುದು ಒಂದೆರಡು ದಶಾಂಶ ಆಂಪಿಯರ್. ಗುಂಡಿ ಒತ್ತಿ ಮಾತಾಡಿದ ಕ್ಷಣಕ್ಕೆ ಅದು ಒಂದೂವರೆ, ಎರಡು ಆಂಪಿಯರಿಗೆ ಜಿಗಿಯುತ್ತದೆ. ದಾರಿಯಲ್ಲಿ ಎಲ್ಲೋ ಅರ್ಧ ಓಮ್ ಅಡ್ಡಿ ಇದೆ ಅನ್ನಿ. ಕೇಳುವಾಗ ಅದು ನುಂಗುವುದು 0.1 ವೋಲ್ಟು, ಗೊತ್ತೂ ಆಗುವುದಿಲ್ಲ. ಮಾತಾಡುವಾಗ ಪೂರಾ 1 ವೋಲ್ಟು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿಯೇ 12ರ ಕೆಳಗೆ ಇಳಿದಿರುತ್ತದೆ. ಅದರ ಮೇಲೆ ಇದೂ ಹೋದರೆ ಸೆಟ್ ಕಣ್ಣು ಮುಚ್ಚುತ್ತದೆ. ಬಾವಿಯಲ್ಲಿ ನೀರಿದೆ, ಮೋಟರೂ ಸರಿಯಿದೆ, ನಡುವಿನ ಪೈಪಿನಲ್ಲಿ ಕೆಸರು ಕಟ್ಟಿದೆ. ಹೊಸ ಮೋಟರ್ ಇಳಿಸಿದರೆ ಏನು ಬಂತು?

"ಕೇಳಿಸುತ್ತದೆ, ಆದರೆ ಮಾತಾಡಿದರೆ ಹೋಗುವುದಿಲ್ಲ" ಎಂಬ ದೂರು ಬಂದಾಗ ನಾನು ಮೊದಲು ಬಿಚ್ಚುವುದು ಫ್ಯೂಸ್ ಹೋಲ್ಡರ್. ಒಂದು ಗ್ಲೈಡರಿನಲ್ಲಿ ಕಂಡಿದ್ದು ಹೀಗೆ: ಗಾಜಿನ ಫ್ಯೂಸ್ ಸುಟ್ಟಿರಲಿಲ್ಲ, ಒಳಗಿನ ಎಳೆ ಸ್ವಚ್ಛ ಕಾಣುತ್ತಿತ್ತು. ಅದನ್ನು ಹಿಡಿದಿದ್ದ ಹಿತ್ತಾಳೆ ಕ್ಲಿಪ್ಪಿನ ಒಂದು ಕಿವಿಗೆ ಮಾತ್ರ ಹಸಿರು ಕಿಲುಬು ಕಟ್ಟಿತ್ತು. ಫ್ಯೂಸನ್ನು ಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ರೇಡಿಯೋ ಬದುಕುತ್ತಿತ್ತು, ಬಿಟ್ಟರೆ ಸಾಯುತ್ತಿತ್ತು. ಮರಳುಕಾಗದದಿಂದ ಎರಡು ಸಲ ಉಜ್ಜಿ ಕ್ಲಿಪ್ಪನ್ನು ಒತ್ತಿ ಬಿಗಿ ಮಾಡಿದ್ದಕ್ಕೆ ಖರ್ಚು ಸೊನ್ನೆ. ಹೊಸ ಸೆಟ್ಟಿಗೆ ಕೊಟೇಶನ್ ಆಗಲೇ ತರಿಸಿದ್ದರು.

ಹಾಗಾಗಿ ನನ್ನ ಒಂದನೇ ನಿಯಮ: ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಹಚ್ಚಬೇಡಿ, ಸೆಟ್ಟಿನ ಹಿಂದಿನ ಪ್ಲಗ್ಗಿಗೆ ಹಚ್ಚಿ. ಸುಮ್ಮನೆ ಅಲ್ಲ, ಗುಂಡಿ ಒತ್ತಿ ಹಿಡಿದುಕೊಂಡು ಅಳೆಯಿರಿ. ಆರಾಮಾಗಿ ಮಲಗಿದ ಬ್ಯಾಟರಿ 12.7 ತೋರಿಸಿದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ನಮ್ಮ ಕಡೆಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಸಿ ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗ್ಲೈಡರಿನ ಒಳಗೆ ಬ್ಯಾಟರಿ ಬೇಯುತ್ತಿರುತ್ತದೆ. ಯುರೋಪಿನ ಪುಸ್ತಕದಲ್ಲಿ ಬರೆದಷ್ಟು ವರ್ಷ ಅದು ಇಲ್ಲಿ ಬಾಳುವುದಿಲ್ಲ.

ಈಗ ಮೈಕಿಗೆ ಬರೋಣ, ಪತ್ರದವರ ಅಖಾಡಕ್ಕೆ. ಕಾಕ್‌ಪಿಟ್ಟಿನ ಮೈಕು ಜಾತ್ರೆಯ ಮೈಕಲ್ಲ. ಅದಕ್ಕೆ ಮುಂದೊಂದು, ಹಿಂದೊಂದು ಕಿಂಡಿ. ದೂರದ ಗದ್ದಲ ಎರಡೂ ಕಿಂಡಿಯಿಂದ ಸಮನಾಗಿ ನುಗ್ಗಿ, ನಡುವಿನ ಪರದೆಯ ಮೇಲೆ ಒಂದನ್ನೊಂದು ಹೊಡೆದುಹಾಕುತ್ತದೆ. ತುಟಿಯ ಹತ್ತಿರದ ದನಿ ಮುಂದಿನ ಕಿಂಡಿಗೆ ಜೋರಾಗಿ, ಹಿಂದಿನದಕ್ಕೆ ಕ್ಷೀಣವಾಗಿ ತಲುಪುವುದರಿಂದ ಉಳಿದುಕೊಳ್ಳುತ್ತದೆ. ಇಷ್ಟು ತಿಳಿದರೆ ಅರ್ಧ ರೋಗ ವಾಸಿ. ಮೈಕು ನಾಲ್ಕು ಬೆರಳು ದೂರ ಹೋಯಿತೆಂದರೆ ನಿಮ್ಮ ದನಿಯೂ ಅದರ ಪಾಲಿಗೆ ದೂರದ ಗದ್ದಲವೇ. ಕತ್ತು ಹೊರಳಿ ಮೈಕಿನ ಮಗ್ಗುಲು ನಿಮ್ಮ ಕಡೆ ತಿರುಗಿದರೆ ನಿಮ್ಮ ಮಾತನ್ನು ಅದೇ ಅಳಿಸುತ್ತದೆ. ಆಗ ಗೇನ್ ಏರಿಸಿದರೆ ಏರುವುದು ಗಾಳಿಯ ಸದ್ದು.

ಬೀದರ್ ವಾಯುನೆಲೆಯ ಹಾಕ್ ವಿಮಾನಗಳು ಆಗಾಗ ಈ ಕಡೆಯ ಆಕಾಶ ಸೀಳಿಕೊಂಡು ಹೋಗುತ್ತವೆ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದೂ ಅದೇ ಬೀದರಿನಲ್ಲಿ. ಅಂಥ ಪೈಲಟ್‌ಗಳಿಗೆ ಮೈಕಿನ ದೂರದ ತಲೆನೋವಿಲ್ಲ. ಮೈಕು ಆಮ್ಲಜನಕದ ಮಾಸ್ಕಿನ ಒಳಗೇ ಕೂತಿರುತ್ತದೆ, ತಲೆ ಎತ್ತ ತಿರುಗಿದರೂ ತುಟಿಯ ಜೊತೆಗೇ ತಿರುಗುತ್ತದೆ. ನಮ್ಮ ಗ್ಲೈಡರಿನಲ್ಲಿ ಮೈಕು ಬಗ್ಗುವ ಕಬ್ಬಿಣದ ಕತ್ತಿನ ತುದಿಯಲ್ಲಿದೆ. ಎತ್ತರದವನು ಇಳಿದು ಗಿಡ್ಡನೊಬ್ಬ ಹತ್ತಿದರೆ ಅದು ಹಣೆಗೆ ಮಾತಾಡುತ್ತದೆ. ಬೆಲ್ಟ್ ಬಿಗಿದ ಮೇಲೆ ಮೈಕನ್ನು ತುಟಿಯ ಪಕ್ಕಕ್ಕೆ ಎಳೆದುಕೊಳ್ಳುವುದು ಚೆಕ್‌ಲಿಸ್ಟಿನಲ್ಲೇ ಇರಬೇಕೆಂದು ವಾದಿಸುತ್ತ ಬಂದಿದ್ದೇನೆ. "ಇದನ್ನೂ ಬರೆಯಬೇಕೇನ್ರೀ?" ಅಂತ ನಗುತ್ತಾರೆ. ನಕ್ಕವರ ದನಿಯೇ ಇಳಿಯುವ ಮುಂಚಿನ ಸುತ್ತಿನಲ್ಲಿ ಕೇಳಿಸುವುದಿಲ್ಲ.

ಮೈಕಿಗೆ ಹಾಕುವ ಸ್ಪಂಜಿನ ಟೋಪಿಯೂ ಅಲಂಕಾರಕ್ಕಲ್ಲ. ಸೆಖೆಗೆ ಕ್ಯಾನೊಪಿಯ ಪುಟ್ಟ ಕಿಟಕಿ ತೆರೆದರೆ ಗಾಳಿ ನೇರ ಮೈಕಿಗೆ ಬಡಿಯುತ್ತದೆ. ಬಿಸಿಲಿಗೆ ಆ ಸ್ಪಂಜು ಹಪ್ಪಳವಾಗಿ ಪುಡಿ ಉದುರಿ ಕಿಂಡಿ ಮುಚ್ಚುತ್ತದೆ. ಹಿಂದಿನ ಕಿಂಡಿ ಮುಚ್ಚಿತೆಂದರೆ ಗದ್ದಲ ಅಳಿಸುವ ವಿದ್ಯೆಯೇ ಹೋಯಿತು. ಮೈಕು "ಕೆಟ್ಟಿದೆ" ಅನ್ನುವ ಮುಂಚೆ ಟೋಪಿ ತೆಗೆದು ಬೆಳಕಿಗೆ ಹಿಡಿದು ನೋಡಿ.

ಇನ್ನು ಜಾತಿಯ ಪ್ರಶ್ನೆ. ಮೈಕಿನ ಜಾತಿ, ಮನುಷ್ಯರದ್ದಲ್ಲ; ಮನುಷ್ಯರದ್ದನ್ನು ಬಸವಕಲ್ಯಾಣದ ನೆಲದಲ್ಲಿ ಕೂತು ಕೇಳಬಾರದು. ಡೈನಮಿಕ್ ಮೈಕಿನೊಳಗೆ ಸುರುಳಿ, ಅಯಸ್ಕಾಂತ. ಅದು ತಾನೇ ಮಿಲಿವೋಲ್ಟುಗಳನ್ನು ಹುಟ್ಟಿಸುತ್ತದೆ. ಎಲೆಕ್ಟ್ರೆಟ್ ಮೈಕಿನೊಳಗೆ ಪುಟ್ಟ ಟ್ರಾನ್ಸಿಸ್ಟರ್ ಕೂತಿದೆ, ಸೆಟ್ಟು ಕೆಲವು ವೋಲ್ಟು ಉಣಿಸದಿದ್ದರೆ ಅದು ಬಾಯಿ ಬಿಡುವುದಿಲ್ಲ. ಗ್ಲೈಡರ್ ಸೆಟ್ಟುಗಳಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ಪಿನ್, ಇಲ್ಲವೇ ಮೆನುವಿನಲ್ಲಿ ಬೇರೆ ಆಯ್ಕೆ. ಡೈನಮಿಕ್ ತೆಗೆದು ಎಲೆಕ್ಟ್ರೆಟ್ ಹಾಕಿದವರು ಪಿನ್ ಬದಲಿಸದೆ ಬಿಟ್ಟರೆ ದನಿ ಬಾವಿಯ ತಳದಿಂದ ಬಂದಂತೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಗೇನ್ ಪಂಥದವರು ಇಲ್ಲೂ ಗುಂಡಿಯನ್ನೇ ತಿರುವುತ್ತಾರೆ.

ಎರಡು ಸೀಟಿನ ಗ್ಲೈಡರಿನ ಇಂಟರ್‌ಕಾಮ್ ಬಗ್ಗೆ ಬರೆಯಲು ಹೊರಟರೆ ನನಗೆ ರೋಹಿಣಿ ನೆನಪಾಗುತ್ತದೆ. 1961ರಲ್ಲಿ ಮೊದಲು ಹಾರಿದ ನಮ್ಮದೇ ದೇಶದ ತರಬೇತಿ ಗ್ಲೈಡರ್ ಅದು, ಎಸ್. ರಾಮಾಮೃತಂ ಅವರ ವಿನ್ಯಾಸ. ಅದರಲ್ಲಿ ಗುರು-ಶಿಷ್ಯರು ಅಕ್ಕಪಕ್ಕ ಕೂರುತ್ತಿದ್ದರು. ಇಂಟರ್‌ಕಾಮ್ ಯಾಕೆ ಬೇಕು? ಬೈಗುಳ ನೇರ ಕಿವಿಗೇ ಬೀಳುತ್ತದೆ, ಮುಖ ನೋಡಿದರೆ ಶಿಷ್ಯ ಹೆದರಿದ್ದಾನೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ಬಂದ ಆರ್ದ್ರಾದಲ್ಲಿ ಸೀಟುಗಳು ಒಂದರ ಹಿಂದೊಂದು. ಗುರುವಿಗೆ ಶಿಷ್ಯನ ತಲೆಯ ಹಿಂಭಾಗ ಮಾತ್ರ ಕಾಣುವ ಈ ಏರ್ಪಾಡಿನಲ್ಲಿ ಗಾಳಿಗೆ ತೆಳ್ಳಗೆ ಒಡ್ಡಿಕೊಳ್ಳುವ ಲಾಭವಿದೆ ನಿಜ, ಆದರೆ ಮಾತೆಲ್ಲ ವೈರಿನ ಪಾಲಾಗುತ್ತದೆ. ನಾಗರಿಕ ವಿಮಾನಯಾನ ಇಲಾಖೆಯ ಆ ಕಾಲದವರು ಗ್ಲೈಡರುಗಳಿಗೆ ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶೀರ್ ಎಂದು ನಕ್ಷತ್ರಗಳ ಹೆಸರನ್ನು ಸಾಲಾಗಿ ಇಡುತ್ತ ಬಂದರು. ಮಿರಗದ ಮಳೆಗೆ ಮುಗಿಲು ನೋಡುವ ನಮ್ಮ ರೈತರಿಗೆ ಆ ಪಟ್ಟಿ ಯಾರೂ ಹೇಳಿಕೊಡಬೇಕಿಲ್ಲ. ಇಂದು ಹಾರಿಸುವ ಹುಡುಗರಿಗೆ ಮಾತ್ರ ಪರದೇಶದ ಮಾಡೆಲ್ ನಂಬರುಗಳು ಬಾಯಿಪಾಠ.

ಬಸವಕಲ್ಯಾಣದ ಬಳಿಯ ಸಸ್ತಾಪುರ ಬಂಗ್ಲಾದಲ್ಲಿ 65ರ ಹೆದ್ದಾರಿ ಹಿಡಿದು ಉಮರ್ಗಾ, ಸೊಲ್ಲಾಪುರ ದಾಟಿದರೆ, ಪುಣೆ ಊರೊಳಗೆ ಹೊಗುವ ಮುಂಚೆಯೇ ಹಡಪಸರದ ಗ್ಲೈಡಿಂಗ್ ಸೆಂಟರ್ ಸಿಗುತ್ತದೆ. ನಮ್ಮ ಗೋರ್ಟಾದವರಿಗೆ ಗ್ಲೈಡರ್ ಅಂದರೆ ಅದೇ. ಅಲ್ಲಿ ವಿಂಚ್ ಹಗ್ಗದಿಂದ ಎಳೆದು ಹಾರಿಸುವುದನ್ನು ರಸ್ತೆಯ ಬದಿ ನಿಂತು ನೋಡಿದವರು ನಮ್ಮೂರಲ್ಲೂ ಇದ್ದಾರೆ. ವಿಂಚಿನವನು ದೂರ, ಗ್ಲೈಡರ್ ಇನ್ನೊಂದು ತುದಿಗೆ. ವೇಗ ಹೆಚ್ಚಾಯಿತೆಂದರೆ ಬಾಲ ಎಡಬಲ ಅಲ್ಲಾಡಿಸಿ ತೋರಿಸುವ ಸಂಕೇತ ರೇಡಿಯೋ ಇಲ್ಲದ ಕಾಲದ್ದು. ಇಂದಿಗೂ ಅದನ್ನು ಕಲಿಸುತ್ತಾರೆ, ಕಲಿಸಲೇಬೇಕು. ಫ್ಯೂಸಿಗೆ ಕಿಲುಬು ಹಿಡಿದರೂ ಬಾಲಕ್ಕೆ ಹಿಡಿಯುವುದಿಲ್ಲವಲ್ಲ.

ಆಂಟೆನಾದ ಬಗ್ಗೆ ಎರಡೇ ಮಾತು. ವಿಮಾನದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಅಲ್ಲಿ ಕಾಲು ತರಂಗದ ಕಡ್ಡಿ ಸುಮಾರು 58 ಸೆಂಟಿಮೀಟರ್. ಲೋಹದ ಗ್ಲೈಡರಿಗೆ ಮೈಯೇ ನೆಲದಂತೆ ಒದಗುತ್ತದೆ. ಫೈಬರ್ ಗ್ಲಾಸಿನದಕ್ಕೆ ಅದಿಲ್ಲ. ಕಾರ್ಬನ್ ಫೈಬರ್ ಆದರೆ ಒಳಗಿಟ್ಟ ಆಂಟೆನಾವನ್ನೇ ಮರೆ ಮಾಡುತ್ತದೆ. ಕೇಬಲ್ಲಿನ ತುದಿಯ ಜೋಡಣೆ ಸಡಿಲಾದರೆ ಹೊರ ಹೋಗಬೇಕಾದ ಶಕ್ತಿ ಒಳಗೇ ಅಲೆದು ಮೈಕಿನ ವೈರನ್ನು ಹೊಗುತ್ತದೆ, ಮಾತು ಗೊರಗೊರ ಅನ್ನುತ್ತದೆ. ಅದಕ್ಕೂ ಗೇನಿಗೂ ಸಂಬಂಧವಿಲ್ಲ. ಪಕ್ಕದಲ್ಲೇ ನಿಂತ ಗೆಳೆಯನಿಗೆ "ಕೇಳಿಸ್ತದೇನ್ರೀ?" ಅಂತ ಕೇಳಿ ಪರೀಕ್ಷೆ ಮುಗಿಸುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಐವತ್ತು ಮೀಟರಿನಲ್ಲಿ ಹರಿದ ಕೇಬಲ್ಲೂ ಕೇಳಿಸುತ್ತದೆ. ಹತ್ತಾರು ಕಿಲೋಮೀಟರ್ ಆಚೆ ಇರುವವರ ಉತ್ತರ ಬಂದರೆ ಅದು ಪರೀಕ್ಷೆ. ಆಂಟೆನಾ ಬಿಚ್ಚಿಟ್ಟು ಗುಂಡಿ ಒತ್ತಿದರೆ ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರ್ ಸುಡಬಹುದು. ಸೆಟ್ಟಿನೊಳಗೆ ಕೈ ಹಾಕುವುದಂತೂ ಪರವಾನಗಿ ಇದ್ದವರ ಕೆಲಸ, ನಮ್ಮ ಸರಹದ್ದು ಹಿಂದಿನ ಪ್ಲಗ್ಗಿನವರೆಗೆ.

ಇದೆಲ್ಲ ದನಿ ಹೋಗದಿರುವ ರೋಗ. ಇದಕ್ಕಿಂತ ಕೆಟ್ಟದ್ದು ದನಿ ನಿಲ್ಲದಿರುವ ರೋಗ. ಮಾತಿನ ಗುಂಡಿ ಇರುವುದು ಗ್ಲೈಡರ್ ನಡೆಸುವ ಸ್ಟಿಕ್ಕಿನ ತಲೆಯಲ್ಲಿ, ಅದರ ವೈರು ಸ್ಟಿಕ್ಕಿನ ಬುಡದಲ್ಲಿ ಹಾರಾಟದುದ್ದಕ್ಕೂ ಬಗ್ಗಿ ಏಳುತ್ತದೆ. ಎಳೆ ಎಳೆಯಾಗಿ ತುಂಡಾದರೆ ಮಾತು ಹೋಗುವುದಿಲ್ಲ. ಕವಚ ಸವೆದು ಎರಡು ವೈರು ತಾಗಿದರೆ ಮಾತು ನಿಲ್ಲುವುದಿಲ್ಲ. ಪ್ರಸಾರ ನಡೆಯುವಾಗ ಆ ಸೆಟ್ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಸುತ್ತಲಿನ ಎಲ್ಲರಿಗೂ ಅವನ ಉಸಿರು, ಅವನ ವೇರಿಯೋದ ಪೀಂ ಪೀಂ, ಅವನು ಗುನುಗುವ ಹಾಡು ಕೇಳಿಸುತ್ತದೆ. "ಗುಂಡಿ ಬಿಡ್ರೀ" ಅಂತ ಅವನಿಗೆ ಹೇಳುವ ದಾರಿ ಮಾತ್ರ ಯಾರಿಗೂ ಇಲ್ಲ. ಕೆಲವು ಹೊಸ ಸೆಟ್ಟುಗಳು ಸ್ವಲ್ಪ ಹೊತ್ತಾದ ಮೇಲೆ ತಾವೇ ಪ್ರಸಾರ ಕಡಿಯುತ್ತವೆ. ಹಳೆಯವು ಬ್ಯಾಟರಿ ಮುಗಿಯುವ ತನಕ ನಡೆಸುತ್ತವೆ.

ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಮಾನಲೋಕ ಮರೆಯದ ಪಾಠವೊಂದಿದೆ. 1977ರ ಮಾರ್ಚ್ 27, ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ಮಂಜಿನಲ್ಲಿ ಎರಡು ಬೋಯಿಂಗ್ 747ಗಳು ಒಂದೇ ರನ್‌ವೇ ಮೇಲೆ. ಕೆಎಲ್‌ಎಂ ವಿಮಾನ ಓಟ ಶುರು ಮಾಡಿತ್ತು. ತಡಿ ಎಂದು ಟವರ್ ಹೇಳುವಾಗಲೇ, ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದು ಪ್ಯಾನ್ ಆ್ಯಮ್‌ನವರೂ ಹೇಳಿದರು. ವಿಮಾನಗಳು ಬಳಸುವ ಎಎಂ ರೇಡಿಯೋದಲ್ಲಿ ಎರಡು ಪ್ರಸಾರ ಒಟ್ಟಿಗೆ ಬಂದರೆ ಎರಡೂ ಬೆರೆತು ಕಿರುಚುತ್ತವೆ. ಕೆಎಲ್‌ಎಂ ಕಾಕ್‌ಪಿಟ್ಟಿಗೆ ತಲುಪಿದ್ದು ಕೆಲವು ಸೆಕೆಂಡಿನ ಆ ಕಿರುಚು. ಸತ್ತವರು 583. ಕಾರಣಗಳು ಹಲವಿದ್ದವು, ಆ ಕೆಲವು ಸೆಕೆಂಡು ಅವುಗಳಲ್ಲಿ ಒಂದು. ಅಲ್ಲಿ ಯಾರ ಮೈಕೂ ಕೆಟ್ಟಿರಲಿಲ್ಲ, ಯಾರ ಗೇನೂ ಕಡಿಮೆಯಿರಲಿಲ್ಲ.

ಆದ್ದರಿಂದ ಹುಮನಾಬಾದಿನ ಮಿತ್ರರಿಗೆ ನನ್ನ ಉತ್ತರ ಇಷ್ಟು: ಜಾತ್ರೆಯಲ್ಲಿ ಒಬ್ಬರು ಮಾತಾಡುತ್ತಾರೆ, ಊರು ಕೇಳುತ್ತದೆ, ಅಲ್ಲಿ ನಿಮ್ಮ ಗುಂಡಿಗೆ ಬೆಲೆಯಿದೆ. ಆಕಾಶದಲ್ಲಿ ಎಲ್ಲರಿಗೂ ಸೇರಿ ಇರುವುದು ಒಂದೇ ದಾರಿ. ಅಲ್ಲಿ ಜೋರು ದನಿಗಿಂತ ಸರಿಯಾದ ಸಮಯಕ್ಕೆ ಬಾಯಿ ಮುಚ್ಚುವ ಗುಂಡಿ ಮುಖ್ಯ.

ಹಾರಿಸುವವರಿಗೆ ಈ ವಾರದ ಕೆಲಸ: ಶನಿವಾರ ಗ್ಲೈಡರನ್ನು ಹೊರಗೆ ಎಳೆದ ಮೇಲೆ ಇನ್ನೊಂದು ರೇಡಿಯೋ ದೂರದಲ್ಲಿ ಹಚ್ಚಿ ಒಬ್ಬರನ್ನು ನಿಲ್ಲಿಸಿ. ಗುಂಡಿ ಒತ್ತಿ ಅಂಕಿ ಎಣಿಸುತ್ತ ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ತಿರುಗಿಸಿ. ಎಣಿಕೆಯ ನಡುವೆ ಒಂದು ಅಂಕಿ ಹಾರಿದರೂ ಬುಡದ ವೈರು ಬದಲಿಸಿ, ಒಂಟಿ ಎಳೆಯದ್ದಲ್ಲ, ಬಹಳ ಎಳೆಗಳದ್ದು. ಗುಂಡಿ ಬಿಟ್ಟ ಮೇಲೂ ಪ್ರಸಾರದ ದೀಪ ಉರಿಯುತ್ತಿದ್ದರೆ ಅಂದು ಹಾರಬೇಡಿ. ಟೋಟಲ್ ಎನರ್ಜಿ ಕೊಳವೆ ಬರುವ ವಾರ ಖಂಡಿತ, ಯಾರೂ ಪತ್ರ ಬರೆಯದಿದ್ದರೆ.